ಸಿಗಾರಿಗೆ ಕಾದಂಬರಿಯ ಹೆಸರು

ನಮ್ಮ ಪ್ರಾಜೆಕ್ಟ್ ಗೋ-ಲೈವ್ ಆದ ವಾರ, ಟೊರಾಂಟೊದಿಂದ ವಾಪಸ್ ಬಂದಿದ್ದ ಕಲೀಗ್ ಒಬ್ಬ ತಂಡದವರಿಗೆಲ್ಲ ಒಂದೊಂದು ಕ್ಯೂಬನ್ ಸಿಗಾರ್ ಹಂಚಿದ. ಐದು ಇಂಚಿನ ಉದ್ದ, ಹೆಬ್ಬೆರಳಿಗಿಂತ ಸ್ವಲ್ಪ ತೆಳು, ಹದವಾಗಿ ಹುರಿದ ಕಾಫಿಬೀಜದ ಬಣ್ಣ. ನಡುವೆ ಕಂದು ಬಣ್ಣದ ಕಾಗದದ ಉಂಗುರ, ಅದರ ಮೇಲೆ 'ಮಾಂಟೆಕ್ರಿಸ್ಟೊ'. ಶನಿವಾರ ರಾತ್ರಿ ಅವನ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಎಲ್ಲರೂ ಸೇರಿದೆವು. ತುದಿ ಕತ್ತರಿಸಿ, ಬೆಂಕಿ ಹಚ್ಚಿ, ಸಿನಿಮಾ ವಿಲನ್ ಥರ ಕಾಲ ಮೇಲೆ ಕಾಲು ಹಾಕಿ ಕೂತೆ. "ಒಳಗೆ ಎಳ್ಕೋಬಾರ್ದು ಗುರು, ಬಾಯಲ್ಲೇ ಇಟ್ಕೊಂಡು ಬಿಟ್ಬಿಡಬೇಕು" ಅಂತ ಅವನು ಹೇಳೋ ಹೊತ್ತಿಗೆ ನಾನು ಎದೆ ತುಂಬ ಎಳೆದಾಗಿತ್ತು. ಆಮೇಲಿನ ಹತ್ತು ನಿಮಿಷದ ಕಥೆ ಬೇಡ ಬಿಡಿ. ಕೆಮ್ಮು, ಬಿಕ್ಕಳಿಕೆ, ತಲೆಸುತ್ತು. ಒಂದು ಲೋಟ ಮಜ್ಜಿಗೆ ಕುಡಿದ ಮೇಲೆ ಮನುಷ್ಯನಾದೆ.

ಆದರೆ ಬೆಂಕಿ ಹಚ್ಚೋದಕ್ಕೆ ಮುಂಚೆ ಅದನ್ನು ಮೂಗಿನ ಹತ್ತಿರ ಹಿಡಿದಾಗ ಬಂದ ವಾಸನೆ ನನ್ನನ್ನು ಬೇರೆಲ್ಲಿಗೋ ಕರೆದುಕೊಂಡು ಹೋಗಿತ್ತು. ನಮ್ಮೂರು ಪಿರಿಯಾಪಟ್ಟಣದ ಕಡೆ. ಮನೆಯ ಹಿಂದೆಯೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಆ ಸೊಪ್ಪಿನ ದುಡ್ಡಲ್ಲೇ ನನ್ನ ಬಿ.ಇ. ಫೀಸು ಕಟ್ಟಿದ್ದು. ಹಾಗಿದ್ದೂ ನಮ್ಮ ಮನೆಯಲ್ಲಿ ಯಾರೂ ಸೇದಲ್ಲ. "ಬೆಳೆಯೋದು ಹೊಟ್ಟೆಗೆ, ಸೇದೋದು ಕೊಬ್ಬಿಗೆ" ಅಂತಿದ್ದ ಅಪ್ಪ. ಸೊಪ್ಪಿನ ಮನೆಯಲ್ಲಿ ಹುಟ್ಟಿದವನು ಮೂವತ್ತು ದಾಟಿದ ಮೇಲೆ ಮೊದಲ ಸಲ ಸೇದಿ ಹೀಗೆ ಬಿದ್ದಿದ್ದು ನೋಡಿದ್ದರೆ ಖಂಡಿತ ನಗ್ತಿದ್ದ.

ಮನೆಗೆ ಬಂದ ಮೇಲೂ ಒಂದು ಪ್ರಶ್ನೆ ಉಳೀತು. ಮಾಂಟೆಕ್ರಿಸ್ಟೊ ಅಂದರೆ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ. ಮಾಡದ ತಪ್ಪಿಗೆ ಜೈಲು ಸೇರಿದ ನಾವಿಕನೊಬ್ಬ ತಪ್ಪಿಸಿಕೊಂಡು, ನಿಧಿ ಪಡೆದು, ತನ್ನನ್ನು ಹಾಳು ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವ ಕಥೆ. ಫ್ರಾನ್ಸಿನ ಆ ಕಾದಂಬರಿಗೂ ಕ್ಯೂಬಾದ ಚುಟ್ಟಕ್ಕೂ ಏನು ಸಂಬಂಧ? ಇನ್ನೊಂದು ಹೆಸರಾಂತ ಕ್ಯೂಬನ್ ಸಿಗಾರಿನ ಹೆಸರು ರೋಮಿಯೊ ಈ ಹುಲಿಯೆಟಾ, ಅಂದರೆ ಶೇಕ್ಸ್‌ಪಿಯರನ ರೋಮಿಯೊ ಜೂಲಿಯೆಟ್. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸೇದುವವರ ಕಥೆಯಲ್ಲ, ಸುತ್ತುವವರ ಕಥೆ.

ಮೊದಲಿಂದ ಹೇಳ್ತೀನಿ. 1492ರ ನವೆಂಬರಿನಲ್ಲಿ ಕೊಲಂಬಸ್ ಕ್ಯೂಬಾದ ತೀರದಲ್ಲಿದ್ದ. ತಾನು ಏಷ್ಯಾಕ್ಕೇ ಬಂದಿದ್ದೇನೆ ಅನ್ನೋ ಭ್ರಮೆ ಅವನಿಗೆ. ರೊದ್ರಿಗೊ ದೆ ಹೆರೆಸ್, ಲೂಯಿಸ್ ದೆ ತೊರೆಸ್ ಅನ್ನುವ ಇಬ್ಬರನ್ನು ಒಳನಾಡಿಗೆ ಕಳಿಸಿದ. ಇಬ್ಬರಲ್ಲಿ ತೊರೆಸ್ ದುಭಾಷಿ, ಅವನಿಗೆ ಅರಬ್ಬಿ, ಹೀಬ್ರೂ ಎಲ್ಲ ಬರ್ತಿತ್ತು. ಅವರು ಅರಸನನ್ನೂ ಕಾಣಲಿಲ್ಲ, ಚಿನ್ನವನ್ನೂ ಕಾಣಲಿಲ್ಲ. ಕಂಡಿದ್ದು, ಸುತ್ತಿದ ಎಲೆಗೆ ಬೆಂಕಿ ಹಚ್ಚಿ ಹೊಗೆ ಕುಡಿಯುತ್ತಾ ಓಡಾಡುತ್ತಿದ್ದ ಗಂಡಸರು, ಹೆಂಗಸರನ್ನು. ಆ ತೈನೊ ಜನ ಕೆಲವೇ ದಶಕಗಳಲ್ಲಿ ರೋಗಕ್ಕೆ, ಜೀತಕ್ಕೆ, ಕತ್ತಿಗೆ ಬಹುಪಾಲು ಅಳಿದುಹೋದರು. ಅವರ ಎಲೆ ಉಳಿಯಿತು, ಯುರೋಪಿಗೆ ಹೋಯಿತು, ಅಲ್ಲಿಂದ ನಮ್ಮಲ್ಲಿಗೂ ಬಂತು.

1717ರಲ್ಲಿ ಸ್ಪೇನಿನ ಅರಸೊತ್ತಿಗೆ ಒಂದು ಕಾನೂನು ತಂತು: ಕ್ಯೂಬಾದ ರೈತರು ತಂಬಾಕನ್ನು ಅರಮನೆಗೆ ಬಿಟ್ಟು ಬೇರೆ ಯಾರಿಗೂ ಮಾರುವಂತಿಲ್ಲ. ಒಬ್ಬನೇ ಖರೀದಿದಾರ, ಅವನು ಹೇಳಿದ್ದೇ ರೇಟು. ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆಳೆಗಾರರು ಮೂರು ಸಲ ದಂಗೆ ಎದ್ದರು. 1723ರ ಮೂರನೇ ದಂಗೆಯಲ್ಲಿ ಸಿಕ್ಕಿಬಿದ್ದವರನ್ನು ಕೊಂದು, ಹೆಣಗಳನ್ನು ಹವಾನಾಕ್ಕೆ ಹೋಗುವ ದಾರಿಯಲ್ಲಿ ನೇತುಹಾಕಿದರು. ಆ ಏಕಸ್ವಾಮ್ಯ ರದ್ದಾಗಿದ್ದು ನೂರು ವರ್ಷ ಆದ ಮೇಲೆ, 1817ರಲ್ಲಿ. ಅಲ್ಲಿಂದ ಮುಂದೆ ಹವಾನಾದಲ್ಲಿ ಸಿಗಾರ್ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಇಂದಿಗೂ ಹೆಸರು ಕೇಳುವ ಪಾರ್ತಗಾಸ್ ಶುರುವಾಗಿದ್ದು 1845ರಲ್ಲಿ.

ಕಾರ್ಖಾನೆ ಅಂದ ತಕ್ಷಣ ಮಿಷನ್ನು, ಹೊಗೆಗೂಡು ನೆನೆಸಿಕೊಳ್ಳಬೇಡಿ. ಉದ್ದನೆಯ ಒಂದು ಹಾಲ್. ಶಾಲೆಯಲ್ಲಿ ಇರ್ತಾವಲ್ಲ, ಹಾಗೆ ಸಾಲು ಸಾಲು ಮರದ ಮೇಜು. ಪ್ರತಿ ಮೇಜಿನ ಮುಂದೆ ಒಬ್ಬೊಬ್ಬ ಸುತ್ತುವವನು. ಕೈಯಲ್ಲಿ ಅರ್ಧಚಂದ್ರದ ಆಕಾರದ ಹಿಡಿಯಿಲ್ಲದ ಒಂದು ಬ್ಲೇಡು, ಅದರ ಹೆಸರು ಚಾವೆತಾ. ಒಳಗೆ ತುಂಬುವ ಎಲೆಗಳೇ ಮೂರು ಥರ. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ ಬೀಳುವುದರಿಂದ ಖಾರ ಜಾಸ್ತಿ, ಉರಿಯುವುದು ನಿಧಾನ, ಅದಕ್ಕೇ ಅದನ್ನು ನಟ್ಟನಡುವೆ ಇಡ್ತಾರೆ. ಅದರ ಸುತ್ತ ನಡುವಿನ ಎಲೆ, ಕೆಳಗಿನ ಎಲೆ. ಇವನ್ನೆಲ್ಲ ಹಿಡಿದಿಡಲು ಇನ್ನೊಂದು ಎಲೆ. ಎಲ್ಲಕ್ಕಿಂತ ಹೊರಗೆ ರೇಷ್ಮೆಯಂಥ ಒಂದು ಎಲೆ. ಅದನ್ನು ಹೊಲದಲ್ಲಿ ತೆಳು ಬಟ್ಟೆಯ ಚಪ್ಪರದ ಕೆಳಗೆ, ಬಿಸಿಲು ತಾಗದಂತೆ ಬೆಳೆಸಿರ್ತಾರೆ. ನಮ್ಮ ಬ್ಯಾರನ್‌ನಲ್ಲಿ ಸೌದೆ ಉರಿಸಿ ವಾರದೊಳಗೆ ಸೊಪ್ಪು ಬೇಯಿಸ್ತೀವಿ. ಅಲ್ಲಿ ಬೆಂಕಿಯೇ ಇಲ್ಲ, ಕೊಟ್ಟಿಗೆಯಲ್ಲಿ ಕಟ್ಟಿ ವಾರಗಟ್ಟಲೆ ಗಾಳಿಗೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುಳಿ ಬರಿಸ್ತಾರೆ.

ಸುತ್ತುವ ಕೆಲಸಕ್ಕೆ ಕೈ, ಕಣ್ಣು ಬೇಕು. ಕಿವಿ ಬೇಡ. ಬೆಳಗಿನಿಂದ ಸಂಜೆವರೆಗೆ ನೂರಾರು ಜನ ಒಂದೇ ಹಾಲ್‌ನಲ್ಲಿ ಒಂದೇ ಥರ ಕೈ ಆಡಿಸುತ್ತಾ ಕೂರಬೇಕು. ಸದ್ದು ಮಾಡುವ ಯಂತ್ರವೂ ಇಲ್ಲ. ಆ ಖಾಲಿ ಕಿವಿಗಳಿಂದಲೇ ಚರಿತ್ರೆ ಶುರುವಾಗಿದ್ದು.

1865ರಲ್ಲಿ ಪಾರ್ತಗಾಸ್‌ನಲ್ಲಿ ಸಿಗಾರ್ ಸುತ್ತುತ್ತಿದ್ದ ಸತುರ್ನಿನೊ ಮಾರ್ಟಿನೆಸ್ ಅನ್ನುವವನು 'ಲಾ ಅರೋರಾ' ಅಂತ ಒಂದು ವಾರಪತ್ರಿಕೆ ಶುರು ಮಾಡಿದ. ಸಿಗಾರ್ ಕೆಲಸಗಾರರಿಗಾಗಿಯೇ ಪತ್ರಿಕೆ. ಆದರೆ ಒಂದು ತೊಡಕಿತ್ತು, ಅವರಲ್ಲಿ ಬಹುತೇಕರಿಗೆ ಓದೋಕೇ ಬರ್ತಿರಲಿಲ್ಲ. ಹಾಗಾದರೆ ಯಾರಾದರೂ ಗಟ್ಟಿಯಾಗಿ ಓದಲಿ! ಅದೇ ವರ್ಷ ಡಿಸೆಂಬರ್ 21ರಂದು ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಓದು ಶುರುವಾಯಿತು. ಕೆಲಸಗಾರರಲ್ಲೇ ಒಬ್ಬ ಎದ್ದು ನಿಂತು ಓದುವುದು, ಮಿಕ್ಕವರು ಸುತ್ತುತ್ತಾ ಕೇಳುವುದು. ಅವರೆಲ್ಲ ದಿನಗೂಲಿಯವರಲ್ಲ, ಎಷ್ಟು ಸುತ್ತಿದರೆ ಅಷ್ಟು ಕಾಸು. ಓದಲು ನಿಂತವನ ಕೂಲಿ ಹೋಗ್ತದಲ್ಲ? ಅದನ್ನು ಕೇಳುವವರೇ ತಲೆಗಿಷ್ಟು ಅಂತ ಹಾಕಿ ತುಂಬಿಕೊಡುತ್ತಿದ್ದರು.

ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಇಡೀ ಕಥೆ ನಿಂತಿರೋದು ಇದರ ಮೇಲೆ. ಓದುವವನಿಗೆ ದುಡ್ಡು ಕೊಡುತ್ತಿದ್ದುದು ಮಾಲೀಕನಲ್ಲ, ಸರ್ಕಾರ ಅಲ್ಲ, ಕೇಳುವವರು. ದುಡ್ಡು ಅವರದ್ದಾದ್ದರಿಂದ ಏನು ಓದಬೇಕು ಅನ್ನುವ ತೀರ್ಮಾನವೂ ಅವರದ್ದೇ. ಯಾವ ಕಾದಂಬರಿ ಬೇಕು ಅಂತ ಓಟು ಹಾಕುತ್ತಿದ್ದರು. ಓದಿದ್ದು ಇಷ್ಟವಾದರೆ ಎಲ್ಲರೂ ಒಟ್ಟಿಗೆ ಚಾವೆತಾವನ್ನು ಮೇಜಿನ ಹಲಗೆಗೆ ಟಕಟಕ ಕುಟ್ಟುವುದು, ಅದೇ ಚಪ್ಪಾಳೆ. ಇಷ್ಟವಾಗದಿದ್ದರೆ ನೆಲಕ್ಕೆ ಎಸೆಯುವುದು. ಓದುವವನನ್ನು ಅವರು 'ಲೆಕ್ತೋರ್' ಅಂತಾರೆ, ಅಂದರೆ ಓದುಗ.

ವರ್ಷ ತುಂಬುವ ಮೊದಲೇ ಸರ್ಕಾರಕ್ಕೆ ನಿದ್ದೆ ಕೆಟ್ಟಿತು. 1866ರ ಮೇ ತಿಂಗಳಲ್ಲಿ ಕಾರ್ಖಾನೆಗಳಲ್ಲಿ ಓದುವುದನ್ನು ನಿಷೇಧಿಸಿ ಆದೇಶ ಬಂತು. ನೆನಪಿರಲಿ, ಕ್ಯೂಬಾದಲ್ಲಿ ಆಗಿನ್ನೂ ಗುಲಾಮಗಿರಿ ಇತ್ತು, ಅದು ಪೂರ್ತಿ ಹೋಗಿದ್ದು 1886ರಲ್ಲಿ. ಕೆಲವು ಕಾರ್ಖಾನೆಗಳಲ್ಲಿ ಗುಲಾಮರು, ಕರಾರಿನ ಮೇಲೆ ತಂದಿದ್ದ ಚೀನೀ ಕೂಲಿಗಳು, ಸ್ವತಂತ್ರ ಕೆಲಸಗಾರರು ಎಲ್ಲರೂ ಇದ್ದರು. ಇಂಥ ಜಾಗದಲ್ಲಿ ನೂರಾರು ಜನ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಕಥೆ ಕೇಳಿ, ಸಂಜೆ ಹೋಗುವಾಗ ಅದನ್ನೇ ಮಾತಾಡುತ್ತಾ ಹೋದರೆ ಆಳುವವರಿಗೆ ಭಯ ಆಗದೆ ಇರುತ್ತಾ?

1868ರಲ್ಲಿ ಸ್ಪೇನಿನ ವಿರುದ್ಧ ಹತ್ತು ವರ್ಷಗಳ ಯುದ್ಧ ಶುರುವಾಯಿತು. ಸಾವಿರಾರು ಸಿಗಾರ್ ಕೆಲಸಗಾರರು ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾಕ್ಕೆ ಹೋದರು. ಮೊದಲು ಕೀ ವೆಸ್ಟ್, ಅಲ್ಲಿಂದ ಹವಾನಾಕ್ಕೆ ಬರೀ 150 ಕಿಲೋಮೀಟರ್ ಚಿಲ್ಲರೆ. ಆಮೇಲೆ ಟ್ಯಾಂಪಾ. ಅಲ್ಲಿ ವಿಸೆಂತೆ ಮಾರ್ಟಿನೆಸ್ ಈಬೋರ್ ಅನ್ನುವ ಕಾರ್ಖಾನೆ ಮಾಲೀಕ 1886ರ ಹೊತ್ತಿಗೆ ಒಂದು ಊರನ್ನೇ ಕಟ್ಟಿದ, ಅದು ಈಬೋರ್ ಸಿಟಿ. ಕೆಲಸಗಾರರು ತಮ್ಮ ಚಾವೆತಾಗಳ ಜೊತೆ ಓದುವ ಅಭ್ಯಾಸವನ್ನೂ ಕಟ್ಟಿಕೊಂಡು ಹೋಗಿದ್ದರು. ಹಾಲ್‌ನಲ್ಲಿ ಎತ್ತರದ ಅಟ್ಟಣೆ, ಅದರ ಮೇಲೆ ಲೆಕ್ತೋರ್. ಮೈಕಿಲ್ಲ. ಕೊನೇ ಸಾಲಿಗೂ ಕೇಳಿಸುವ ಗಂಟಲು ಇದ್ದವನಿಗೇ ಕೆಲಸ. ಬೆಳಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ: ಸರ್ವಾಂಟಿಸ್, ವಿಕ್ಟರ್ ಹ್ಯೂಗೊ, ಜೋಲಾ, ಡ್ಯೂಮಾ. ಮುಂದೆ ಹೆಂಗಸರೂ ಈ ಅಟ್ಟಣೆ ಹತ್ತಿದರು. ಪೋರ್ಟೊ ರಿಕೊದ ಕಾರ್ಮಿಕ ನಾಯಕಿ ಲೂಯಿಸಾ ಕಪೆಟಿಯೊ ಅವರಲ್ಲೊಬ್ಬಳು.

1891ರ ನವೆಂಬರಿನಲ್ಲಿ ಟ್ಯಾಂಪಾಕ್ಕೆ ಹೊಸೆ ಮಾರ್ತಿ ಬಂದ. ಕವಿ, ಪತ್ರಕರ್ತ, ದೇಶಭ್ರಷ್ಟ. ಅವನಿಗೆ ಸೈನ್ಯ ಇರಲಿಲ್ಲ, ದುಡ್ಡಿರಲಿಲ್ಲ. ಇದ್ದದ್ದು ಮಾತು. ಕಾಲು ಶತಮಾನದಿಂದ ಮಾತು ಕೇಳಿ ಪಳಗಿದ್ದ ಜನ ಎದುರಿಗೆ ಕೂತಿದ್ದರು. ಅವನು ಮರುವರ್ಷವೇ ಕ್ಯೂಬನ್ ಕ್ರಾಂತಿಕಾರಿ ಪಕ್ಷ ಕಟ್ಟಿದ, ಅದಕ್ಕೆ ಸಿಗಾರ್ ಕೆಲಸಗಾರರು ತಮ್ಮ ಒಂದೊಂದು ದಿನದ ದುಡಿಮೆ ಕೊಟ್ಟರು. 1895ರ ಜನವರಿ 29ರಂದು ದಂಗೆಯ ಆದೇಶಕ್ಕೆ ಸಹಿ ಬಿತ್ತು. ಅದನ್ನು ಹವಾನಾದಲ್ಲಿದ್ದ ಹುವಾನ್ ಗುವಾಲ್ಬೆರ್ತೊ ಗೋಮೆಸ್‌ಗೆ ತಲುಪಿಸಬೇಕು. ಆ ಚೀಟಿಯನ್ನು ಟ್ಯಾಂಪಾದ ಕಾರ್ಖಾನೆಯೊಂದರಲ್ಲಿ ಸಿಗಾರಿನೊಳಗೆ ಸುತ್ತಿ, ಸ್ಪೇನಿನವರ ಕಣ್ಣೆದುರೇ ದಾಟಿಸಿದರು ಅಂತ ಅಲ್ಲಿನವರು ಇವತ್ತಿಗೂ ಹೇಳ್ತಾರೆ. ಫೆಬ್ರವರಿ 24ಕ್ಕೆ ಯುದ್ಧ ಶುರುವಾಯಿತು. ಮೇ 19ರಂದು ಮಾರ್ತಿ ರಣರಂಗದಲ್ಲಿ ಸತ್ತ, ವಯಸ್ಸು 42. ಮೂರು ವರ್ಷದ ಮೇಲೆ ಸ್ಪೇನ್ ಕ್ಯೂಬಾವನ್ನು ಕಳೆದುಕೊಂಡಿತು.

ಇಷ್ಟೆಲ್ಲ ಮಾಡಿದ ಅಟ್ಟಣೆ ಬಿದ್ದಿದ್ದು ಹೇಗೆ ಗೊತ್ತಾ? 1931ರ ಕೊನೆಯಲ್ಲಿ ಟ್ಯಾಂಪಾದ ಮಾಲೀಕರು "ಇವರು ಓದ್ತಿರೋದು ಕ್ರಾಂತಿಯ ಸಾಹಿತ್ಯ" ಅಂತ ಹೇಳಿ ಲೆಕ್ತೋರ್‌ಗಳನ್ನು ಹೊರಗೆ ಹಾಕಿದರು. ಕೆಲಸಗಾರರು ಕೆಲಸ ಬಿಟ್ಟು ಎದ್ದು ಬಂದರು. ಆದರೆ ಅದು ಮಹಾ ಕುಸಿತದ ಕಾಲ. ಜನ ಸಿಗಾರ್ ಬಿಟ್ಟು ಅಗ್ಗದ ಸಿಗರೇಟಿಗೆ ಹೋಗ್ತಿದ್ದರು, ಸುತ್ತುವ ಯಂತ್ರವೂ ಬಂದಿತ್ತು. ಕೆಲಸಗಾರರು ಸೋತರು. ಅಟ್ಟಣೆಗಳನ್ನು ಕಿತ್ತು ಹಾಕಿ ಆ ಜಾಗಕ್ಕೆ ರೇಡಿಯೊ ತಂದಿಟ್ಟರು.

ನನಗೆ ಇಲ್ಲಿ ಸ್ವಲ್ಪ ಹೊತ್ತು ಮುಂದೆ ಹೋಗೋಕಾಗಲಿಲ್ಲ. ಯಾಕಂದ್ರೆ ರೇಡಿಯೊ ಕೆಟ್ಟದ್ದೇನಲ್ಲ. ಅದರಲ್ಲೂ ಸುದ್ದಿ ಬರುತ್ತೆ, ಹಾಡು ಬರುತ್ತೆ, ಕಥೆ ಬರುತ್ತೆ. ಕೆಲಸಗಾರರ ಜೇಬಿನಿಂದ ದುಡ್ಡೂ ಹೋಗಲ್ಲ. ಅದೇ ವ್ಯತ್ಯಾಸ. ರೇಡಿಯೊಗೆ ಓಟು ಹಾಕೋಕಾಗಲ್ಲ, "ಆ ಪುಟ ಇನ್ನೊಂದ್ಸಲ ಓದಪ್ಪಾ" ಅನ್ನೋಕಾಗಲ್ಲ. ನಾನೂ ಕೋಡ್ ಬರೆಯುವಾಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಕೂರೋದು. ನಮ್ಮ ಫ್ಲೋರಿನಲ್ಲಿ ನಲವತ್ತು ಜನ ಇದ್ದೀವಿ, ನಲವತ್ತು ಜನರ ಕಿವಿಯಲ್ಲಿ ನಲವತ್ತು ಥರ. ಮುಂದೇನು ಕೇಳಬೇಕು ಅಂತ ಆಪ್ ಹೇಳುತ್ತೆ. ಬಹುತೇಕ ಫ್ರೀ. ಪಕ್ಕದ ಸೀಟಿನವನು ಏನು ಕೇಳ್ತಿದ್ದಾನೆ ಅಂತ ಮೂರು ವರ್ಷದಿಂದ ನನಗೆ ಗೊತ್ತಿಲ್ಲ.

ಟ್ಯಾಂಪಾದಲ್ಲಿ ನಿಂತ ಓದು ಕ್ಯೂಬಾದಲ್ಲಿ ನಿಲ್ಲಲಿಲ್ಲ. ಮಾಂಟೆಕ್ರಿಸ್ಟೊ ಹೆಸರಿನ ಸಿಗಾರ್ ಬಂದಿದ್ದೂ ಇದೇ ಕಾಲದಲ್ಲಿ, 1935ರಲ್ಲಿ, ಹವಾನಾದಲ್ಲಿ. ಸುತ್ತುವವರು ಡ್ಯೂಮಾನ ಆ ಕಾದಂಬರಿಯನ್ನೇ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದರಂತೆ, ಅದಕ್ಕೇ ಆ ಹೆಸರು ಅಂತ ಹೇಳ್ತಾರೆ. ಅನ್ಯಾಯವಾಗಿ ಜೈಲಿಗೆ ಬಿದ್ದವನು, ಅಲ್ಲಿ ಮುದಿ ಕೈದಿಯೊಬ್ಬನಿಂದ ವಿದ್ಯೆ ಕಲಿತು, ಗೆದ್ದು ಬರುವ ಕಥೆ. ಮೇಜಿನ ಮುಂದೆ ಹತ್ತು ಗಂಟೆ ಕೂರುವವರಿಗೆ ಅದು ಯಾಕೆ ಅಷ್ಟು ಹಿಡಿಸಿತ್ತು ಅಂತ ಊಹಿಸೋದು ಕಷ್ಟ ಅಲ್ಲ.

ಮುಂದಿನದ್ದು ನಿಮಗೆ ಅಲ್ಪಸ್ವಲ್ಪ ಗೊತ್ತಿರುತ್ತೆ. 1959ರಲ್ಲಿ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ. 1960ರಲ್ಲಿ ಸಿಗಾರ್ ಕಾರ್ಖಾನೆಗಳೆಲ್ಲ ಸರ್ಕಾರದ್ದಾದವು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿದ. ಅವನ ಪತ್ರಿಕಾ ಕಾರ್ಯದರ್ಶಿಯಾಗಿದ್ದ ಪಿಯರ್ ಸ್ಯಾಲಿಂಜರ್ ಆಮೇಲೆ ಹೇಳಿಕೊಂಡ ಪ್ರಕಾರ, ಒಂದು ಸಂಜೆ ಕೆನಡಿ ಅವನನ್ನು ಕರೆದು ನಾಳೆ ಬೆಳಗ್ಗೆಯೊಳಗೆ ಒಂದು ಸಾವಿರ ಕ್ಯೂಬನ್ ಸಿಗಾರ್ ಬೇಕು ಅಂದನಂತೆ. ಸ್ಯಾಲಿಂಜರ್ ಊರೆಲ್ಲ ಸುತ್ತಿ 1200 ಒಟ್ಟು ಮಾಡಿದ. ಅದು ಸಿಕ್ಕಿದೆ ಅಂತ ಗೊತ್ತಾದ ಮೇಲೆಯೇ ಕೆನಡಿ ನಿರ್ಬಂಧದ ಕಾಗದಕ್ಕೆ ಸಹಿ ಹಾಕಿದ್ದು! ಸಿಗಬಾರದ್ದು ಅಂತಾದ ಮೇಲೆ ಕ್ಯೂಬನ್ ಸಿಗಾರಿಗೆ ಇನ್ನಷ್ಟು ಮೋಹ ಹತ್ತಿತು. ನಾವು ಟೆರೇಸಿನಲ್ಲಿ ಅದನ್ನು ಹಿಡಿದು ಫೋಟೊ ತೆಗೆಸಿಕೊಂಡಿದ್ದು ಆ ಮೋಹಕ್ಕೇ.

ಕ್ಯೂಬಾದ ಕಾರ್ಖಾನೆಗಳಲ್ಲಿ ಲೆಕ್ತೋರ್ ಈಗಲೂ ಇದ್ದಾರೆ, ಅವರಲ್ಲಿ ಹೆಂಗಸರು ಬಹಳ. 2012ರಲ್ಲಿ ಅಲ್ಲಿನ ಸರ್ಕಾರ ಈ ಓದನ್ನು ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು. ಆದರೆ ಈಗ ಸಂಬಳ ಕೊಡುವುದು ಸರ್ಕಾರ. ಬೆಳಗ್ಗೆ ಓದುವ ಪತ್ರಿಕೆ 'ಗ್ರಾನ್ಮಾ', ಅದು ಆಳುವ ಪಕ್ಷದ್ದೇ ಪತ್ರಿಕೆ. ಕಾದಂಬರಿ ಯಾವುದಿರಲಿ ಅನ್ನುವುದನ್ನು ಮಾತ್ರ ಕೆಲಸಗಾರರು ಇವತ್ತಿಗೂ ತಾವೇ ಆರಿಸ್ತಾರೆ. 1866ರಲ್ಲಿ ಓದನ್ನು ನಿಷೇಧಿಸಿದ ಸರ್ಕಾರಕ್ಕಿಂತ, ಓದುವವರಿಗೆ ಸಂಬಳ ಕೊಡುವ ಸರ್ಕಾರ ಒಳ್ಳೆಯದೇ ಇರಬಹುದು. ಆದರೆ ಎರಡೂ ಕಡೆ, ಕಾಸು ಕೂಡಿಸಿ ಓದಿಸಿಕೊಂಡವರ ಕೈಯಿಂದ ಏನೋ ಜಾರಿದೆ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಬ್ಯಾರನ್ ಮುಂದಿನ ಚಪ್ಪರ ನೆನಪಾಗ್ತಿತ್ತು. ಸೊಪ್ಪು ಮುರಿಯುವ ಹಂಗಾಮಿನಲ್ಲಿ ಹೊಲದಿಂದ ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಬೇಕು, ಆಮೇಲೆ ಬ್ಯಾರನ್ ಒಳಗೆ ಏರಿಸೋದು. ಕಟ್ಟುವವರು ಹೆಂಗಸರೇ. ಅವ್ವ, ದೊಡ್ಡವ್ವ, ಅಕ್ಕಪಕ್ಕದ ಮನೆಯವರು, ಎಲ್ಲರ ಅಂಗೈಯೂ ಸೊಪ್ಪಿನ ಅಂಟಿಗೆ ಕಪ್ಪು. ಎಷ್ಟು ತೊಳೆದರೂ ಕಹಿ ಹೋಗ್ತಿರಲಿಲ್ಲ, ಅವರು ಕಲಸಿಟ್ಟ ಅನ್ನವೂ ಒಂಚೂರು ಕಹಿ. ಅವರಲ್ಲಿ ಓದು ಬರುವವರು ಒಬ್ಬರೂ ಇರಲಿಲ್ಲ. ನಾನು ಹೈಸ್ಕೂಲು. ಮೇಷ್ಟ್ರ ಮನೆಯಿಂದ ಹಳೇ ವಾರಪತ್ರಿಕೆಗಳ ಕಟ್ಟು ತರ್ತಿದ್ದೆ. ಅದರಲ್ಲಿ ಧಾರಾವಾಹಿ ಇರ್ತಿತ್ತು. "ಓದ್ಲಾ ಮಗ, ಆ ಸೊಸೆ ಏನ್ ಮಾಡುದ್ಲು ಅಂತ" ಅಂತ ಶುರುವಾಗ್ತಿತ್ತು. ಮಧ್ಯದಲ್ಲಿ ಒಂದು ಸಂಚಿಕೆ ಇಲ್ಲದಿದ್ದರೆ ಆ ಭಾಗ ನಾನೇ ಕಟ್ಟಿ ಹೇಳಿದ್ದೂ ಉಂಟು. ಪಿಯುಸಿಗೆ ಮೈಸೂರಿನ ಹಾಸ್ಟೆಲ್ ಸೇರಿದೆ, ಅಲ್ಲಿಗೆ ಅದು ನಿಂತಿತು. ನಾನು ಊರಿಗೆ ಬಂದಾಗಲೆಲ್ಲ ಹೊಸ ಶರ್ಟು ತರ್ತಿದ್ದೆ, ಮಿಕ್ಸಿ ತಂದೆ, ಕೊನೆಗೆ ದೊಡ್ಡ ಟಿ.ವಿ. ತಂದೆ. ಪತ್ರಿಕೆಯ ಕಟ್ಟು ಮತ್ತೆ ತರಲಿಲ್ಲ.

ಮರುದಿನ ಭಾನುವಾರ ಅವ್ವನಿಗೆ ಫೋನ್ ಮಾಡಿದೆ. ಸಿಗಾರ್ ಸೇದಿದ ವಿಷಯ ಹೇಳಲಿಲ್ಲ, ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಕ್ಯೂಬಾ ಅಂತ ಒಂದು ದೇಶ, ಅಲ್ಲಿ ಸೊಪ್ಪು ಸುತ್ತೋ ಜನ, ಅವರ ಮುಂದೆ ಒಬ್ಬ ಕೂತು ಕಥೆ ಓದ್ತಿದ್ದ ಅಂತ ಹೇಳಿದೆ. ಅವ್ವ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅವ್ನಿಗೆ ಕೂಲಿ ಯಾರ್ ಕೊಡೋರು?"

"ಸೊಪ್ ಸುತ್ತೋರೇ ಕಣವ್ವ. ಎಲ್ಲಾ ಸೇರಿ ಕೈಯಿಂದ ಹಾಕೋರು."

"ಮತ್ತೆ? ನಾವೇನ್ ನಿನ್ನ ಬಿಟ್ಟಿ ಓದುಸ್ತಿದ್ವಾ? ದಿನಾ ಒಬ್ಬೊಬ್ರು ಒಂದೊಂದ್ ಹಿಡಿ ಕಡ್ಲೆಕಾಯಿ ತಂದ್ ಕೊಡ್ತಿರ್ಲಿಲ್ವಾ?"

ಹೌದು, ಕೊಡ್ತಿದ್ದರು. ಅವರವರ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಿರ್ತಿದ್ದರು. ನಾನು ಅದನ್ನು ತಿಂಡಿ ಅಂದುಕೊಂಡಿದ್ದೆ.